ಮೊದಲ ದಿನ ಬಂದವರ ಲೆಕ್ಕ

(ಕಲಬುರಗಿಯ ಓಣಿಗಳಲ್ಲಿ ತೂಕ ಇಳಿಸುವ ಗುಂಪು ನಡೆಸುವವರು, ಯೋಗ ಶಿಕ್ಷಕರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಗುಂಪುಗಳ ಕೊನೆಯ ದಿನದ ಕಾರ್ಯಕ್ರಮಕ್ಕೆ ನನ್ನನ್ನು ಎಷ್ಟೋ ಸಲ ಕರೆದಿದ್ದೀರಿ. ಮೂರು ತಿಂಗಳು ಮುಗಿದಿರುತ್ತದೆ. ಜಾಸ್ತಿ ತೂಕ ಇಳಿಸಿದವರಿಗೆ ಶಾಲು ಹೊದಿಸುತ್ತೀರಿ. ಮೊದಲಿನ ಫೋಟೊ, ಈಗಿನ ಫೋಟೊ ಪಕ್ಕಪಕ್ಕ ಇಟ್ಟು ತೋರಿಸುತ್ತೀರಿ. ಆಮೇಲೆ ಚಾ ಕುಡಿಯುವಾಗ ಒಬ್ಬರು ಬಂದು ಕೇಳುತ್ತಾರೆ, "ನಮ್ಮ ಕಾರ್ಯಕ್ರಮ ಚಲೋ ಆಯ್ತಲ್ರೀ ಮೇಡಂ?" ನಾನು ಯಾವಾಗಲೂ ಕೇಳುವುದು ಒಂದೇ. ರಿಜಿಸ್ಟರಿನ ಮೊದಲ ಪುಟ ತೋರಿಸ್ರಿ.

ಮೊದಲ ಪುಟದಲ್ಲಿ ಹೆಸರುಗಳು ತುಂಬಿರುತ್ತವೆ. ಕೊನೆಯ ಪುಟದಲ್ಲಿ ಬೆರಳೆಣಿಕೆಯಷ್ಟು. ಶಾಲು ಹೊದಿಸಿಕೊಂಡವರು ಕೊನೆಯ ಪುಟದವರು. ಉಳಿದವರು ಎಲ್ಲಿ ಹೋದರು?

ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಅಂತ ಇಟ್ಟುಕೊಳ್ಳಿ. ಮೊದಲ ದಿನ 40 ಜನ ಬಂದರು. ಸರಾಸರಿ ತೂಕ 80 ಕಿಲೋ. ಹನ್ನೆರಡು ವಾರ ಆದ ಮೇಲೆ ತೂಕ ಕೊಡಲು ಬಂದವರು 16 ಜನ. ಆ 16 ಜನ ಸರಾಸರಿ 4 ಕಿಲೋ ಇಳಿಸಿದ್ದಾರೆ. ವರದಿಯಲ್ಲಿ ಏನು ಬರೆಯುತ್ತೀರಿ? "ನಮ್ಮ ಕಾರ್ಯಕ್ರಮದಲ್ಲಿ ಸರಾಸರಿ 4 ಕಿಲೋ ಇಳಿಯಿತು" ಅಂತ. ಆದರೆ 16 ಜನ ಇಳಿಸಿದ್ದು ಒಟ್ಟು 64 ಕಿಲೋ. ನೀವು ಕೈಹಿಡಿದು ಕರೆತಂದದ್ದು 40 ಜನರನ್ನು. ಬಾರದೆ ಹೋದವರ ತೂಕ ಇದ್ದಷ್ಟೇ ಇದೆ ಎಂದುಕೊಂಡು 64ನ್ನು 40ರಿಂದ ಭಾಗಿಸಿ. ತಲೆಗೆ 1.6 ಕಿಲೋ ಬರುತ್ತದೆ. ಎರಡೂ ಲೆಕ್ಕ ಅದೇ ಗುಂಪಿನದು, ಅದೇ ಮೂರು ತಿಂಗಳದು.

ಬಾರದೆ ಹೋದವರಲ್ಲಿ ಕೆಲವರು ಮನೆಯಲ್ಲೇ ತೂಕ ಇಳಿಸಿಕೊಂಡಿರಬಹುದಲ್ವಾ ಅಂತ ನೀವು ಕೇಳಬಹುದು. ಇರಬಹುದು. ಆದರೆ ತೂಕ ಇಳಿದವರು ತೋರಿಸಲು ಬರುತ್ತಾರೆ. ಏರಿದವರು ಮುಖ ತೋರಿಸಲು ಹಿಂಜರಿಯುತ್ತಾರೆ. ಅದಕ್ಕೇ ಸಂಶೋಧನೆ ಮಾಡುವವರು ಬಾರದವರ ತೂಕ ಬದಲಾಗಿಲ್ಲ ಎಂದೇ ಹಿಡಿದು ಒಂದು ಲೆಕ್ಕ ಹಾಕುತ್ತಾರೆ. ನೀವು ಎರಡೂ ಲೆಕ್ಕ ಬರೆಯಿರಿ. ಉಳಿದವರದು ಇಷ್ಟು, ಬಂದವರೆಲ್ಲರದು ಇಷ್ಟು. ಎರಡರ ನಡುವೆ ಅಂತರ ದೊಡ್ಡದಿದ್ದರೆ ನೀವು ನೋಡಬೇಕಾದ್ದು ಆಹಾರದ ಚಾರ್ಟನ್ನಲ್ಲ. ಜನ ಯಾಕೆ ಬಿಟ್ಟು ಹೋದರು ಅನ್ನುವುದನ್ನು.

ಇದನ್ನು ನಾನು ಕಲಿತದ್ದು ಒಬ್ಬ ಹೆಣ್ಣುಮಗಳಿಂದ. ತುಂಬಾ ಹಿಂದೆ ಒಂದು ಓಣಿಯಲ್ಲಿ ಇಂಥದೇ ಗುಂಪು ನಡೆಸುತ್ತಿದ್ದೆವು. ಮೊದಲ ವಾರ ಎಲ್ಲರಿಗಿಂತ ಮುಂಚೆ ಬಂದು ಕೂತವರು ಅವರು. ಐವತ್ತರ ಆಸುಪಾಸು. ಮಂಡಿ ನೋವು. ಎರಡನೆಯ ವಾರವೂ ಬಂದರು. ಮೂರನೆಯ ವಾರದಿಂದ ಇಲ್ಲ. ಫೋನು ಎತ್ತಲಿಲ್ಲ. ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ, ನನ್ನ ಮುಖ ನೋಡಲೂ ಇಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಲೇ ಹೇಳಿದರು. "ಎಲ್ಲಾರ ಮುಂದ ನನ್ನ ತೂಕ ಒದರಿದ್ರಿ ಅಲ್ರೀ ಮೇಡಂ. ನನ್ನ ಸೊಸಿ ಅಲ್ಲೇ ನಿಂತಿದ್ದಳು."

ಆ ದಿನ ಏನಾಗಿತ್ತು ಅಂದರೆ, ಕಾಂಟಾ, ಅಂದರೆ ತೂಕದ ಯಂತ್ರದ ಹತ್ತಿರ ಒಬ್ಬರು ನಿಂತು ತೂಕ ಓದುತ್ತಿದ್ದರು. ದೂರದಲ್ಲಿ ಮೇಜಿನ ಮುಂದೆ ಕೂತು ನಾನು ಬರೆಯುತ್ತಿದ್ದೆ. ನನಗೆ ಕೇಳಲಿ ಅಂತ ಅವರು ಗಟ್ಟಿಯಾಗಿ ಹೇಳುತ್ತಿದ್ದರು. ಅಷ್ಟೇ. ಕುರ್ಚಿಯನ್ನು ನಾಲ್ಕು ಹೆಜ್ಜೆ ಮುಂದೆ ಎಳೆದುಕೊಂಡಿದ್ದರೆ ಆಗುತ್ತಿತ್ತು. ನಮ್ಮ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ "ಆಸಕ್ತಿ ಇಲ್ಲ" ಎಂದು ಬರೆದಾಗಿತ್ತು. ಆ ಎರಡು ಪದ ನೆನಪಾದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆಸಕ್ತಿ ಇಲ್ಲದವರು ಮಂಡಿ ನೋವಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆಯೇ?

ಅಂದಿನಿಂದ ಬಿಟ್ಟು ಹೋದವರ ಮನೆಗೆ ಹೋಗಿ ಕೇಳುವುದನ್ನು ಮೌಲ್ಯಮಾಪನದ ಮೊದಲ ಕೆಲಸ ಎಂದು ಹಿಡಿದಿದ್ದೇನೆ. ಅವರು ಹೇಳುವ ಕಾರಣಗಳು ಎಷ್ಟು ಸರಳ ಗೊತ್ತಾ? ಬೆಳಿಗ್ಗೆ ಆರು ಗಂಟೆಗೆ ಗುಂಪು ಇಟ್ಟಿರುತ್ತೀರಿ. ನಲ್ಲಿ ನೀರು ಬರುವ ದಿನ ಆ ಹೊತ್ತಿಗೆ ಮನೆಯ ಹೆಂಗಸು ಕೊಡ ಬಿಟ್ಟು ಬರಲು ಆಗುತ್ತದೆಯೇ? ಹೋಟೆಲಿನಲ್ಲಿ ಕೆಲಸ ಮಾಡುವ ಗಂಡಸು ಆ ಹೊತ್ತಿಗೆ ಒಲೆಯ ಮುಂದೆ ನಿಂತಿರುತ್ತಾನೆ. ರಂಜಾನ್ ತಿಂಗಳಲ್ಲಿ ಸಹರಿ ಮುಗಿಸಿ ಮಲಗಿದವರನ್ನು ಅದೇ ಹೊತ್ತಿಗೆ ನಡೆಯಲು ಬನ್ನಿ ಅಂದರೆ ಹೇಗೆ? ಅಪ್ಪಾ ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರನ್ನು ನೋಡಿ, ಅವರೆಲ್ಲ ಆ ಒಂದು ತಾಸು ತಮ್ಮದೆಂದು ಇಟ್ಟುಕೊಳ್ಳಲು ಸಾಧ್ಯವಾದವರು. ನಿಮ್ಮ ಗುಂಪಿಗೆ ಅವರೇ ಮತ್ತೆ ಬಂದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಯಾರಿಗೆ ಬೇಕಿತ್ತೋ ಅವರು ಮನೆಯಲ್ಲೇ ಉಳಿದರು. ಅದಕ್ಕೆ ಎಷ್ಟು ಜನ ಬಂದರು ಅನ್ನುವುದರ ಜೊತೆಗೆ ಯಾರು ಬಂದರು ಎಂದೂ ಬರೆದಿಡಿ. ಹೆಂಗಸರೆಷ್ಟು, ಗಂಡಸರೆಷ್ಟು, ಯಾವ ಓಣಿ, ಏನು ಕೆಲಸ. ಒಂದೇ ಸಾಲು ಸಾಕು.

ಈಗ ತೂಕದ ವಿಷಯಕ್ಕೆ ಬರುತ್ತೇನೆ. ಗಂಜ್ ಮಾರುಕಟ್ಟೆಗೆ ತೊಗರಿ ತಂದ ರೈತನನ್ನು ನೋಡಿದ್ದೀರಲ್ಲ? ಅಡತಿ ಅಂಗಡಿಯಲ್ಲಿ ಚೀಲ ಕಾಂಟಾದ ಮೇಲೆ ಹೋಗುವಾಗ ಅವನ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ಕಾಂಟಾ ಶೂನ್ಯಕ್ಕೆ ನಿಂತಿದೆಯಾ, ಚೀಲದ ತೂಕ ಎಷ್ಟು ಕಳೆದರು, ಕಾಳಿನಲ್ಲಿ ತೇವ ಇದೆ ಅಂತ ಎಷ್ಟು ಮುರಿದುಕೊಂಡರು, ಎಲ್ಲ ನೋಡುತ್ತಾನೆ. 2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು, ನಮಗೆಲ್ಲ ಹೆಮ್ಮೆ. ಅದರ ಒಂದು ಕಿಲೋಗೆ ಇಷ್ಟು ಕಾಳಜಿ ಮಾಡುವ ನಾವು ಮನುಷ್ಯರ ಒಂದು ಕಿಲೋಗೆ ಏನು ಮಾಡುತ್ತೇವೆ?

ನಾನು ನೋಡಿದ ಒಂದು ಜಾಗದಲ್ಲಿ ಮುಳ್ಳು ತಿರುಗುವ ಹಳೆ ಕಾಂಟಾ ಇತ್ತು. ಶಹಾಬಾದ್ ಕಲ್ಲಿನ ಫರ್ಸಿ ನೆಲ. ಎರಡು ಫರ್ಸಿ ಸೇರುವ ಗೆರೆಯ ಮೇಲೆ ಅದನ್ನು ಇಟ್ಟಿದ್ದರು. ಒಂದು ಕಲ್ಲು ಸ್ವಲ್ಪ ಎದ್ದಿತ್ತು. ನಾನೇ ಹತ್ತಿ ನಿಂತೆ. ಮುಳ್ಳು ಒಂದು ಕಡೆ ನಿಂತಿತು. ಇಳಿದು, ಕಾಂಟಾವನ್ನು ಒಂದು ಗೇಣು ಪಕ್ಕಕ್ಕೆ, ಒಂದೇ ಕಲ್ಲಿನ ನಡುವೆ ಸರಿಸಿ ಮತ್ತೆ ಹತ್ತಿದೆ. ಒಂದೂವರೆ ಕಿಲೋ ಫರಕು. ಆಗ ಹೇಳಿದ 1.6 ಕಿಲೋ ನೆನಪಿದೆಯಲ್ಲ? ಹತ್ತಿರ ಹತ್ತಿರ ಅಷ್ಟನ್ನು ಒಂದು ಫರ್ಸಿ ಕಲ್ಲೇ ಕೊಡುತ್ತದೆ, ಕಸಿದುಕೊಳ್ಳುತ್ತದೆ.

ಇದರ ಜೊತೆಗೆ ಸೀರೆ. ದಿನ ಉಡುವ ಸೀರೆಗೂ ಜರಿ ಸೀರೆಗೂ ಅರ್ಧ ಕಿಲೋ ಫರಕು ಸುಲಭವಾಗಿ ಬರುತ್ತದೆ. ಅರ್ಧ ಲೀಟರ್ ನೀರು ಕುಡಿದು ಬಂದರೆ ಅರ್ಧ ಕಿಲೋ. ಕೊನೆಯ ದಿನ ಕಾರ್ಯಕ್ರಮ ಇದೆ ಅಂತ ಎಲ್ಲರೂ ಒಳ್ಳೆ ಸೀರೆ ಉಟ್ಟು, ನಾಷ್ಟಾ ಮಾಡಿಕೊಂಡು ಬರುತ್ತಾರೆ. ಅವತ್ತೇ ತೂಕ ತೆಗೆದುಕೊಳ್ಳಬೇಡಿ. ಹಿಂದಿನ ದಿನ ತೆಗೆದುಕೊಳ್ಳಿ. ಅದೇ ಕಾಂಟಾ, ಅದೇ ಜಾಗ, ಅದೇ ಹೊತ್ತು, ಚಪ್ಪಲಿ ಇಲ್ಲದೆ, ಹಗುರ ಬಟ್ಟೆಯಲ್ಲಿ. ತಿಂಗಳಿಗೊಮ್ಮೆ ಕಾಂಟಾ ಪರೀಕ್ಷಿಸಿ. ಕಿರಾಣಿ ಅಂಗಡಿಯಲ್ಲಿ ಸರಕಾರದ ಮುದ್ರೆ ಇರುವ ಕಬ್ಬಿಣದ ತೂಕದ ಕಲ್ಲು ಇನ್ನೂ ಸಿಗುತ್ತವೆ. ನಾಲ್ಕು ಕಲ್ಲು ಕೇಳಿ ತಂದು ಇಟ್ಟು ನೋಡಿ. ಹಾಗೆಯೇ "ನೀವೇ ಹೇಳ್ರಿ, ಎಷ್ಟು ಕಡಿಮೆ ಆಗ್ಯದ" ಅಂತ ಕೇಳಿ ಬರೆದುಕೊಳ್ಳಬೇಡಿ. ಬಾಯಿಂದ ಹೇಳುವಾಗ ಯಾರಾದರೂ ತೂಕ ಸ್ವಲ್ಪ ಕಡಿಮೆಯೇ ಹೇಳುತ್ತಾರೆ.

ಇನ್ನು ಯಾರನ್ನು ಸೇರಿಸಿಕೊಳ್ಳುತ್ತೀರಿ ಅನ್ನುವುದು. ತೂಕವನ್ನು ಕಿಲೋದಲ್ಲಿ ಹಿಡಿದು, ಎತ್ತರವನ್ನು ಮೀಟರಿನಲ್ಲಿ ಹಿಡಿದು, ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ಆದರೆ ನಮ್ಮ ಮೈಯಲ್ಲಿ ಅದೇ ತೂಕಕ್ಕೆ ಕೊಬ್ಬು ಜಾಸ್ತಿ, ಅದೂ ಹೊಟ್ಟೆಯ ಸುತ್ತ ಜಾಸ್ತಿ. ಅದಕ್ಕೆ ಭಾರತದ ತಜ್ಞರು 2009ರಲ್ಲಿ ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಗೆರೆ ಹಾಕಿದರು. ಐದು ಅಡಿ ಒಂದು ಇಂಚು ಎತ್ತರದ ಹೆಣ್ಣುಮಗಳಿಗೆ 25ರ ಗೆರೆ ಬರುವುದು 60 ಕಿಲೋ ಹತ್ತಿರ. 30ರ ಗೆರೆ 72ರ ಹತ್ತಿರ. ಹನ್ನೆರಡು ಕಿಲೋ ಅಂತರ! ಒಬ್ಬರು 60 ದಾಟಿದವರನ್ನೆಲ್ಲ ಸೇರಿಸಿಕೊಂಡು, ಇನ್ನೊಬ್ಬರು 72 ದಾಟಿದವರನ್ನು ಮಾತ್ರ ಸೇರಿಸಿಕೊಂಡರೆ ಎರಡು ಗುಂಪಿನ ಕಿಲೋಗಳನ್ನು ಹೋಲಿಸಲು ಬರುವುದಿಲ್ಲ. ಭಾರ ಇದ್ದವರು ಜಾಸ್ತಿ ಕಿಲೋ ಇಳಿಸುತ್ತಾರೆ. ಅದಕ್ಕೇ ಕಿಲೋ ಜೊತೆಗೆ ಮೊದಲಿನ ತೂಕದ ಶೇಕಡಾ ಎಷ್ಟು ಅಂತಲೂ ಬರೆಯಬೇಕು.

ಬಿಎಂಐ ಒಂದೇ ಸಾಲದು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವೂ ಅದನ್ನೇ ಹೇಳಿತು. ಸೊಂಟದ ಸುತ್ತಳತೆಯಂಥ ಇನ್ನೊಂದು ಅಳತೆ ಜೊತೆಗಿರಬೇಕು. ಇಲ್ಲಿ ಕೂತಿರುವ ಆಶಾ ಅಕ್ಕಂದಿರು ಇದನ್ನು ಆಗಲೇ ಮಾಡುತ್ತಿದ್ದೀರಿ. 30 ವರ್ಷ ದಾಟಿದವರ ಮನೆಗೆ ಹೋಗಿ ತುಂಬುವ ನಿಮ್ಮ ಫಾರಂನಲ್ಲಿ ಸೊಂಟದ ಅಳತೆಯ ಸಾಲು ಇದೆ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಅಪಾಯದ ಅಂಕ ಸೇರುತ್ತದೆ. ಟೇಪು ನಿಮ್ಮ ಚೀಲದಲ್ಲೇ ಇದೆ. ಗುಂಪು ಶುರುವಾಗುವ ದಿನ ಅದನ್ನು ನಡೆಸುವವರು ನಿಮ್ಮನ್ನು ಕರೆಯದಿದ್ದರೆ ನೀವಾಗಿ ಹೋಗಿ. ಸೊಂಟದ ಅಳತೆ ತೆಗೆಯಲು ಬೇರೆ ಹೆಂಗಸರು ಮುಟ್ಟಿದರೆ ನಾಚುವವರು ನೀವು ಮುಟ್ಟಿದರೆ ನಾಚುವುದಿಲ್ಲ. ಅವರ ಹೆರಿಗೆಗೆ ದವಾಖಾನೆಗೆ ಕರೆದುಕೊಂಡು ಹೋದವರು ನೀವು.

ಇಲ್ಲಿ ಒಂದು ಮಾತು ಬದಿಗೆ ಹೇಳಿ ಮುಂದೆ ಹೋಗುತ್ತೇನೆ. ರಕ್ತಹೀನತೆ, ಸೊರಗಿದ ಮಕ್ಕಳು ಇಷ್ಟು ಇರುವ ನಮ್ಮ ಭಾಗದಲ್ಲಿ ಬೊಜ್ಜಿನ ಮಾತು ಯಾಕೆ ಅಂತ ಯಾದಗಿರಿಯಲ್ಲಿ ಒಬ್ಬರು ನನ್ನನ್ನು ಕೇಳಿದ್ದರು. ಸರಿಯಾದ ಪ್ರಶ್ನೆ. ಆದರೆ ಎರಡೂ ಒಂದೇ ಮನೆಯಲ್ಲಿವೆ. ಅಜ್ಜಿಗೆ ಬೊಜ್ಜು, ಶುಗರ್. ಮೊಮ್ಮಗಳಿಗೆ ರಕ್ತ ಕಡಿಮೆ. ಒಂದೇ ಒಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇಕಡಾ 24, ಗಂಡಸರಲ್ಲಿ ಶೇಕಡಾ 22.9 ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಇದು ಬರೀ ಶ್ರೀಮಂತರ ಕಾಯಿಲೆ ಅನ್ನುವ ಕಾಲ ಹೋಯಿತು.

ಎಷ್ಟು ಇಳಿದರೆ ಚಲೋ? ಗುಂಪಿಗೆ ಬರುವವರ ಮನಸ್ಸಿನಲ್ಲಿ ಹದಿನೈದು, ಇಪ್ಪತ್ತು ಕಿಲೋ ಇರುತ್ತದೆ. ವೈದ್ಯರ ಅಳತೆಯಲ್ಲಿ ಮೊದಲಿನ ತೂಕದ ಶೇಕಡಾ 5 ಇಳಿದರೆ ಸಕ್ಕರೆ, ಬಿಪಿಗೆ ಗುಣ ಕಾಣಲು ಶುರುವಾಗುತ್ತದೆ. 80 ಕಿಲೋ ಇದ್ದವರಿಗೆ 4 ಕಿಲೋ. ಇದನ್ನು ಮೊದಲ ದಿನವೇ ಹೇಳಿ. ಹೇಳದಿದ್ದರೆ 4 ಕಿಲೋ ಇಳಿಸಿದವರೂ ಸೋತೆ ಅಂದುಕೊಂಡು ಮನೆಗೆ ಹೋಗುತ್ತಾರೆ.

ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಎಂಬ ಸಂಸ್ಥೆ ಇದೆ. 2014ರಲ್ಲಿ ಅದು ಇಂಥ ಸಮುದಾಯ ಕಾರ್ಯಕ್ರಮಗಳಿಗೆ ಮೂರು ಗೆರೆ ಹಾಕಿತು. ಸೇರಿದವರಲ್ಲಿ ಶೇಕಡಾ 60 ಜನ ಕೊನೆಯವರೆಗೆ ಉಳಿಯುವಂತಿರಬೇಕು. ಸರಾಸರಿ ಶೇಕಡಾ 3ರಷ್ಟು ತೂಕ ಇಳಿಯಬೇಕು. ಶೇಕಡಾ 30 ಜನರಾದರೂ ಶೇಕಡಾ 5 ಇಳಿಸಬೇಕು. ನಮ್ಮ 40 ಜನರ ಗುಂಪನ್ನು ಇದಕ್ಕೆ ಹಚ್ಚಿ ನೋಡಿ. ಉಳಿದವರು 16, ಅಂದರೆ ಶೇಕಡಾ 40. ಎಲ್ಲರ ಸರಾಸರಿ 1.6 ಕಿಲೋ, ಅಂದರೆ ಶೇಕಡಾ 2. ಆ 16ರಲ್ಲಿ 9 ಜನ ಶೇಕಡಾ 5 ಇಳಿಸಿದ್ದಾರೆ ಅಂದುಕೊಂಡರೂ 40ಕ್ಕೆ ಅದು ಶೇಕಡಾ 22 ಚಿಲ್ಲರೆ. ಕೊನೆಯ ದಿನದ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಗುಂಪು ಮೂರೂ ಗೆರೆ ಮುಟ್ಟಲಿಲ್ಲ. ಆ ಗೆರೆಗಳು ಅಲ್ಲಿಯವರಿಗೆ ಹಾಕಿದವು, ಅದನ್ನೇ ಕುರುಡಾಗಿ ಹಿಡಿಯಬೇಕೆಂದಿಲ್ಲ. ಆದರೆ ನೀವೂ ಶುರುವಾಗುವ ಮೊದಲೇ ನಿಮ್ಮ ಗೆರೆ ಬರೆದಿಡಬೇಕು. ಮುಗಿದ ಮೇಲೆ ಬರೆದರೆ ಬಾಣ ನಾಟಿದ ಕಡೆ ಗುರಿ ಬರೆದ ಹಾಗಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಇಳಿದ ತೂಕ ನಿಮ್ಮ ಗುಂಪಿನಿಂದಲೇ ಇಳಿಯಿತಾ? ಇಂಗ್ಲೆಂಡಿನಲ್ಲಿ 1267 ಜನರ ಮೇಲೆ ಒಂದು ಅಧ್ಯಯನ ಮಾಡಿದರು, 2017ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದ ಹಾಗೆ ಜನರನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಸ್ವಲ್ಪ ಸಲಹೆ, ಒಂದು ಕಿರುಪುಸ್ತಕ. ಇನ್ನೊಂದು ಪಾಲಿಗೆ 12 ವಾರ ಗುಂಪು. ಮೂರನೆಯದಕ್ಕೆ 52 ವಾರ ಗುಂಪು. ವರ್ಷ ಆದ ಮೇಲೆ ನೋಡಿದರೆ 52 ವಾರದವರು 6.76 ಕಿಲೋ, 12 ವಾರದವರು 4.75 ಕಿಲೋ ಇಳಿಸಿದ್ದರು. ಬರೀ ಪುಸ್ತಕ ಪಡೆದವರು? ಅವರೂ 3.26 ಕಿಲೋ ಇಳಿಸಿದ್ದರು. ಅಂದರೆ 12 ವಾರದ ಗುಂಪು ತಾನಾಗಿ ಕೊಟ್ಟದ್ದು ಸುಮಾರು ಒಂದೂವರೆ ಕಿಲೋ. ಮನುಷ್ಯ ತೂಕ ಇಳಿಸಬೇಕು ಎಂದು ಮನಸ್ಸು ಮಾಡಿದ ದಿನವೇ ಅರ್ಧ ಕೆಲಸ ಶುರುವಾಗಿರುತ್ತದೆ. ಅದರ ಪಾಲನ್ನು ಅದಕ್ಕೆ ಕೊಡಬೇಕು.

ನಮ್ಮಲ್ಲಿ ಋತುವಿನ ಪಾಲೂ ಇದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬಂದಿರುತ್ತಾರೆ. ಜನವರಿಯಲ್ಲಿ ಗುಂಪು ಶುರು. ಏಪ್ರಿಲ್‌ನಲ್ಲಿ ಮುಗಿಯುವ ಹೊತ್ತಿಗೆ ಕಲಬುರಗಿಯ ಬಿಸಿಲು 40 ದಾಟಿರುತ್ತದೆ, ಮಧ್ಯಾಹ್ನ ಮಜ್ಜಿಗೆ ಬಿಟ್ಟು ಏನೂ ಸೇರುವುದಿಲ್ಲ. ತೂಕ ಇಳಿದದ್ದು ನಿಮ್ಮಿಂದಲೋ ಬಿಸಿಲಿನಿಂದಲೋ? ಇದಕ್ಕೆ ಸುಲಭದ ಉಪಾಯ, ಮುಂದಿನ ಜನವರಿಯಲ್ಲಿ ಮತ್ತೆ ತೂಕ ನೋಡುವುದು. ಅದೇ ತಿಂಗಳಿಗೆ ಅದೇ ತಿಂಗಳು. ಇನ್ನೊಂದು ಉಪಾಯ, ಪಕ್ಕದ ಓಣಿಯಲ್ಲಿ ಹೆಸರು ಬರೆಸಿ ಜಾಗ ಸಿಗದೆ ಕಾಯುತ್ತಿರುವವರ ತೂಕವನ್ನೂ ಅದೇ ಎರಡು ದಿನ ತೆಗೆದುಕೊಳ್ಳುವುದು. ಅವರನ್ನು ಮುಂದಿನ ತಂಡಕ್ಕೆ ಖಂಡಿತ ಸೇರಿಸಿಕೊಳ್ಳಿ. ಕಾಯಿಸಿ ಕೈಬಿಡುವುದು ಸಲ್ಲದು.

ಕಿಲೋ ಇಳಿಯಲಿಲ್ಲ ಅಂದರೆ ಎಲ್ಲ ವ್ಯರ್ಥವೇ? ಅಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ 531 ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು. ಮಧುಮೇಹದ ಅಂಚಿನಲ್ಲಿದ್ದವರು. ಊಟ, ನಡಿಗೆಯ ಸಲಹೆ ಪಾಲಿಸಿದವರಲ್ಲಿ ಮಧುಮೇಹಕ್ಕೆ ತಿರುಗುವ ಅಪಾಯ ಶೇಕಡಾ 28.5 ಕಡಿಮೆಯಾಯಿತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ! ಬರೀ ಕಾಂಟಾ ನೋಡಿದ್ದರೆ ಆ ಕೆಲಸವನ್ನು ಸೋಲು ಎಂದು ಬರೆದು ಮುಚ್ಚುತ್ತಿದ್ದರು. ಹಾಗಾಗಿ ಬಿಪಿ, ಸಕ್ಕರೆ ಬರೆದಿಡಿ. ಮಂಡಿ ನೋವು ಹೇಗಿದೆ, ಎಷ್ಟು ಮೆಟ್ಟಿಲು ಹತ್ತುತ್ತಾರೆ, ರಾತ್ರಿ ನಿದ್ದೆ ಹೇಗೆ, ಇದನ್ನೂ ಕೇಳಿ.

ಇದರ ಇನ್ನೊಂದು ಮುಖ ಇದೆ, ದಯವಿಟ್ಟು ಇದನ್ನು ಮರೆಯಬೇಡಿ. ತೂಕ ಇಳಿದದ್ದೆಲ್ಲ ಒಳ್ಳೆಯದಲ್ಲ. ಗುಂಪಿನಲ್ಲಿ ಒಬ್ಬರು ಎಲ್ಲರಿಗಿಂತ ಜಾಸ್ತಿ, ಬೇಗ ಇಳಿಯುತ್ತಿದ್ದಾರೆ. ಊಟ ಅಷ್ಟೇ ಇದೆ. ಬಾಯಾರಿಕೆ ಜಾಸ್ತಿ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಅದು ಕೈಮೀರಿದ ಶುಗರ್ ಇರಬಹುದು. ಸಂಜೆ ಜ್ವರ, ಕೆಮ್ಮು ಇದ್ದರೆ ಕ್ಷಯ ಇರಬಹುದು. ಅವರಿಗೆ ಶಾಲು ಹೊದಿಸುವ ಮೊದಲು ರಕ್ತ, ಕಫ ಪರೀಕ್ಷೆ ಮಾಡಿಸಿ. ನಮ್ಮ ಅಜ್ಜಿಯಂದಿರು ಸೊರಗಿದವರನ್ನು ಕಂಡ ಕೂಡಲೇ "ಯಾಕವ್ವಾ, ಮೈಯಾಗ ಆರಾಮ ಇಲ್ಲೇನು?" ಅಂತ ಕೇಳುತ್ತಾರಲ್ಲ, ಆ ಪ್ರಶ್ನೆ ಗುಂಪು ನಡೆಸುವವರ ಬಾಯಲ್ಲೂ ಇರಬೇಕು.

ಗುಂಪಿನಲ್ಲಿ ನಿಜಕ್ಕೂ ಏನು ನಡೆಯಿತು ಅನ್ನುವುದನ್ನೂ ಬರೆಯಿರಿ. ಕೇರಳದಲ್ಲಿ 60 ಮತಗಟ್ಟೆ ಪ್ರದೇಶಗಳ 1007 ಜನರೊಂದಿಗೆ ಮಧುಮೇಹ ತಡೆಯುವ ಒಂದು ಪ್ರಯೋಗ ನಡೆಯಿತು. ಊರಿನವರೇ ಊರಿನವರಿಗೆ ಜೊತೆಯಾಗಿ ನಿಲ್ಲುವ ಗುಂಪುಗಳು. ಎರಡು ವರ್ಷದ ನಂತರ ಮಧುಮೇಹದಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ ಅಂತ ಅವರೇ ಮುಚ್ಚುಮರೆ ಇಲ್ಲದೆ ಪ್ರಕಟಿಸಿದರು. ಜೊತೆಗೆ ಎಷ್ಟು ಸಭೆ ನಡೆದವು, ಯಾರು ಬಂದರು, ಯಾವ ಅಭ್ಯಾಸ ಬದಲಾಯಿತು ಅನ್ನುವುದನ್ನೂ ಬರೆದಿಟ್ಟಿದ್ದರು. ಹಾಗೆ ಬರೆದಿಟ್ಟದ್ದರಿಂದ ಮುಂದಿನವರಿಗೆ ದಾರಿ ಸಿಗುತ್ತದೆ. ನೀವು 12 ಸಭೆ ಅಂತ ಬರೆದು 7 ನಡೆಸಿದ್ದರೆ 7 ಅಂತಲೇ ಬರೆಯಿರಿ.

ವರ್ಷ ಆದ ಮೇಲೆ ಯಾರು ಬರುತ್ತಾರೆ ಮೇಡಂ, ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಬರುವುದಿಲ್ಲ. ನಾವು ಹೋಗಬೇಕು. ಕಾಂಟಾವನ್ನು ಒಂದು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗಬೇಕು. 40 ಮನೆ ಅಂದರೆ ಇಬ್ಬರಿಗೆ ನಾಲ್ಕು ಸಂಜೆಯ ಕೆಲಸ. ಊರು ಬಿಟ್ಟವರು, ಮಗಳ ಮನೆಗೆ ಹೋದವರು ಇರುತ್ತಾರೆ, ಅವರ ಹೆಸರಿನ ಮುಂದೆ ಹಾಗೇ ಬರೆಯಿರಿ.

ರೊಟ್ಟಿ ಬಡಿಯುತ್ತಿದ್ದ ಆ ಅಕ್ಕನ ಮನೆಗೂ ನಾನು ವರ್ಷದ ಮೇಲೆ ಹೋಗಿದ್ದೆ, ಕಾಂಟಾ ಹಿಡಿದುಕೊಂಡು. ಒಳಗೆ ಕರೆದರು. ಚಾ ಕೊಟ್ಟರು. ಸೊಸೆ ಹೊರಗೆ ಹೋಗುವವರೆಗೂ ಅದೂ ಇದೂ ಮಾತಾಡಿದೆವು. ಆಮೇಲೆ ಅವರೇ ಎದ್ದು, ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಫರ್ಸಿ ಸಮ ಇದ್ದ ಕಡೆ ಕಾಂಟಾ ಇಡಿಸಿ ಹತ್ತಿ ನಿಂತರು. ನಾನು ಬಗ್ಗಿ ನೋಡಲಿಲ್ಲ. ಅವರೇ ನೋಡಿದರು. ಮೊದಲಿಗಿಂತ ಎರಡು ಕಿಲೋ ಜಾಸ್ತಿ ಇತ್ತು. ಮೆಲ್ಲಗೆ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. ಬರೆದುಕೊಂಡೆ. "ಈ ಸಲ ಮಧ್ಯಾಹ್ನ ಇಡ್ತೀರೇನ್ರಿ?" ಅಂತ ಕೇಳಿದರು. ಮುಂದಿನ ಗುಂಪನ್ನು ಮಧ್ಯಾಹ್ನ ಮೂರಕ್ಕೆ ಇಟ್ಟೆವು.